ಪುಶ್ ಬಂದಾಗ ಸರ್ವರ್ ಒಳಗೆ ಏನು ನಡೆಯುತ್ತದೆ: ಸ್ವಂತ ಗಿಟ್ ಸರ್ವರ್ ಇಡುವವರಿಗೆ

ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಕೊನೇ ವರ್ಷದವರ ಪ್ರಾಜೆಕ್ಟ್ ಕೋಡೆಲ್ಲ ಲ್ಯಾಬಿನ ಒಂದು ಲಿನಕ್ಸ್ ಮೆಷಿನ್‌ನಲ್ಲಿ, ಗಿಟ್ ರೆಪೊಗಳಲ್ಲಿ, ಅಂದರೆ ಕೋಡನ್ನು ಅದರ ಬದಲಾವಣೆಗಳ ಇತಿಹಾಸದ ಸಮೇತ ಇಡುವ ಸಂಗ್ರಹಗಳಲ್ಲಿ ಇರುತ್ತದೆ. ತಮ್ಮ ಲ್ಯಾಪ್‌ಟಾಪ್‌ನ ಕೆಲಸವನ್ನು ಅಲ್ಲಿಗೆ ಕಳಿಸುವುದೇ ಪುಶ್. ಹೊಸ ಬ್ಯಾಚ್ ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಒಂದೇ: "ಮೇಡಂ, ಪುಶ್ ರಿಜೆಕ್ಟ್ ಆಯ್ತು, ಏನ್ ಮಾಡ್ಲಿ?" ಇದಕ್ಕೆ ಸರಿಯಾದ ಉತ್ತರ ಬೇಕು ಅಂದರೆ ಪುಶ್ ಬಂದಾಗ ಸರ್ವರ್ ಯಾವ ಕ್ರಮದಲ್ಲಿ ಏನು ಮಾಡುತ್ತದೆ ಅಂತ ಗೊತ್ತಿರಬೇಕು. ಸ್ವಂತ ಸರ್ವರ್ ಇಡುವವರಿಗಂತೂ ಆ ಕ್ರಮ ಬಾಯಿಪಾಠ ಆಗಿರಬೇಕು ಅನ್ನುವುದು ನನ್ನ ಹಟ.

ಕ್ರಮದ ತಿರುಳು ಇಷ್ಟೇ. ಕಮಿಟ್ ಅಂದರೆ ಉಳಿಸಿಟ್ಟ ಒಂದು ಹಂತದ ಕೋಡ್, ಬ್ರಾಂಚ್ ಅಂದರೆ ಒಂದು ಕಮಿಟ್ ಕಡೆ ಬೆರಳು ತೋರಿಸುವ ಹೆಸರು. ಬ್ರಾಂಚ್ ಹೆಸರು ಹೊಸ ಕಮಿಟ್ ಕಡೆ ತಿರುಗುವುದು ಬಹಳ ಕೊನೆಯಲ್ಲಿ. ಅಲ್ಲಿಯವರೆಗೆ ಬಂದಿದ್ದನ್ನೆಲ್ಲ ಸರ್ವರ್ "ಬೇಡ" ಅನ್ನಬಹುದು. ಹೆಸರು ತಿರುಗಿದ ಮೇಲೆ ಹಾಗನ್ನಲು ದಾರಿಯಿಲ್ಲ. ತಡೆಯುವ ಕೆಲಸವೆಲ್ಲ ಅದಕ್ಕೆ ಮುಂಚೆ ಇರಬೇಕು, ಉಳಿದ ಕೆಲಸವೆಲ್ಲ ಆಮೇಲೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಉಚ್ಚಾರಣೆಯ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಮೊದಲು ಸರ್ವರ್ ಸಿದ್ಧ ಮಾಡಿ

ಇದು ದೊಡ್ಡ ಕೆಲಸವೇನಲ್ಲ. ಲಿನಕ್ಸ್, ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ), ಗಿಟ್ ಇದ್ದರೆ ಸಾಕು. ರೆಪೊ ಮಾಡುವಾಗ "ಗಿಟ್ ಇನಿಟ್ --ಬೇರ್ --ಶೇರ್ಡ್" ಅಂತ ಕೊಡಿ. ಬೇರ್ ಅಂದರೆ ಅಲ್ಲಿ ಫೈಲ್‌ಗಳನ್ನು ತೆರೆದು ಕೆಲಸ ಮಾಡುವ ಫೋಲ್ಡರ್ ಇರುವುದಿಲ್ಲ, ಇತಿಹಾಸ ಮಾತ್ರ ಇರುತ್ತದೆ. ಮಾಮೂಲಿ ರೆಪೊಗೆ ಪುಶ್ ಮಾಡಲು ಹೋದರೆ, ಅಲ್ಲಿ ತೆರೆದಿರುವ ಬ್ರಾಂಚ್ ಅನ್ನು ಬದಲಾಯಿಸಲು ಗಿಟ್ ತಾನಾಗಿಯೇ ಒಪ್ಪುವುದಿಲ್ಲ. ಒಪ್ಪಿದರೆ ಅಲ್ಲಿ ಕೆಲಸ ಮಾಡುತ್ತಿರುವವರ ಕಾಲಡಿಯ ನೆಲವೇ ಸರಿದ ಹಾಗೆ ಆಗುತ್ತದೆ. ಶೇರ್ಡ್ ಅಂತ ಕೊಟ್ಟರೆ ಒಂದೇ ಗ್ರೂಪಿನವರೆಲ್ಲ ಬರೆಯಬಹುದು.

ಎಲ್ಲರಿಗೂ ಸೇರಿ "ಗಿಟ್" ಅನ್ನುವ ಒಂದೇ ಅಕೌಂಟ್ ಕೊಡುವುದು ಬಹಳ ಕಡೆ ರೂಢಿ. ನಾನು ಹಾಗೆ ಮಾಡುವುದಿಲ್ಲ. ಕಮಿಟ್ ಒಳಗಿನ ಹೆಸರನ್ನು ಯಾರು ಬೇಕಾದರೂ ಏನು ಬೇಕಾದರೂ ಬರೆದುಕೊಳ್ಳಬಹುದು. ಪುಶ್ ಮಾಡಿದ್ದು ನಿಜವಾಗಿ ಯಾರು ಅನ್ನುವುದನ್ನು ಎಸ್‌ಎಸ್‌ಎಚ್ ಲಾಗಿನ್ ಮಾತ್ರ ಹೇಳಬಲ್ಲದು. ಆದ್ದರಿಂದ ಒಬ್ಬೊಬ್ಬರಿಗೂ ಒಂದು ಅಕೌಂಟ್, ಅದರ ಲಾಗಿನ್ ಶೆಲ್ ಆಗಿ "ಗಿಟ್-ಶೆಲ್". ಆಗ ಅವರು ಪುಶ್, ಪುಲ್ (ಸರ್ವರ್‌ನಲ್ಲಿರುವುದನ್ನು ತರಿಸಿಕೊಳ್ಳುವುದು) ಬಿಟ್ಟು ಸರ್ವರ್ ಒಳಗೆ ಓಡಾಡಲು ಆಗುವುದಿಲ್ಲ. ರೆಪೊ ಇನ್ನೊಬ್ಬರ ಹೆಸರಿನಲ್ಲಿದೆ ಅಂತ ಗಿಟ್ ತಕರಾರು ತೆಗೆದರೆ, ಸಿಸ್ಟಂ ಮಟ್ಟದ ಕಾನ್ಫಿಗ್‌ನಲ್ಲಿ "ಸೇಫ್.ಡೈರೆಕ್ಟರಿ" ಅಂತ ಆ ಜಾಗ ಸೇರಿಸಿ.

ಮಾತುಕತೆ ಶುರುವಾಗುವುದು ಹೀಗೆ

ಹುಡುಗಿಯೊಬ್ಬಳು ತನ್ನ ಲ್ಯಾಪ್‌ಟಾಪ್‌ನಲ್ಲಿ ಪುಶ್ ಕೊಟ್ಟಳು ಅಂದುಕೊಳ್ಳಿ. ಎಸ್‌ಎಸ್‌ಎಚ್ ಮೂಲಕ ಸರ್ವರ್‌ನಲ್ಲಿ "ಗಿಟ್-ರಿಸೀವ್-ಪ್ಯಾಕ್" ಅನ್ನುವ ಪ್ರೋಗ್ರಾಂ ಏಳುತ್ತದೆ. ಮೊದಲು ಮಾತಾಡುವುದು ಅದೇ. ತನ್ನಲ್ಲಿ ಯಾವ ಯಾವ ಬ್ರಾಂಚ್, ಟ್ಯಾಗ್ ಇದೆ, ಒಂದೊಂದೂ ಯಾವ ಕಮಿಟ್ ಮೇಲೆ ನಿಂತಿದೆ ಅಂತ ಪಟ್ಟಿ ಕೊಡುತ್ತದೆ. ಕಮಿಟ್ ಅಂದರೆ ಇಲ್ಲಿ ಅದರ ಹ್ಯಾಶ್, ಒಳಗಿರುವುದರಿಂದಲೇ ಲೆಕ್ಕ ಹಾಕಿ ಪಡೆದ 40 ಅಕ್ಷರದ ಗುರುತು.

ಆ ಪಟ್ಟಿ ನೋಡಿ ಲ್ಯಾಪ್‌ಟಾಪ್ ಲೆಕ್ಕ ಹಾಕುತ್ತದೆ. ಸರ್ವರ್‌ನಲ್ಲಿರುವ ಕಮಿಟ್ ತನ್ನ ಹತ್ತಿರ ಇಲ್ಲವೇ ಇಲ್ಲ ಅಂದರೆ, ಯಾರೋ ಮುಂಚೆಯೇ ಪುಶ್ ಮಾಡಿದ್ದಾರೆ ಅಂತ ಅರ್ಥ. ಅಲ್ಲಿಗೇ ನಿಂತು "ರಿಜೆಕ್ಟೆಡ್, ಫೆಚ್ ಫಸ್ಟ್" ಅನ್ನುತ್ತದೆ. ಗಮನಿಸಿ: ಇದನ್ನು ಹೇಳಿದ್ದು ಸರ್ವರ್ ಅಲ್ಲ, ಅವಳ ಲ್ಯಾಪ್‌ಟಾಪೇ. ಸರ್ವರ್‌ಗೆ ಒಂದು ಬೈಟ್ ಕೋಡ್ ಕೂಡ ಹೋಗಿರುವುದಿಲ್ಲ. ಸರ್ವರ್ ತಾನೇ ಬೇಡ ಅಂದರೆ ಪರದೆಯ ಮೇಲೆ "ರಿಮೋಟ್ ರಿಜೆಕ್ಟೆಡ್" ಅಂತ ಬರುತ್ತದೆ. "ರಿಜೆಕ್ಟ್ ಆಯ್ತು" ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು, ರಿಮೋಟ್ ಅನ್ನುವ ಪದ ಇದೆಯಾ ಇಲ್ವಾ ಅಂತ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇದರಿಂದ ತಿಳಿಯಬೇಕಾದ ಇನ್ನೊಂದು ವಿಷಯ ಇದೆ. ಆ ಎಚ್ಚರಿಕೆ ಲ್ಯಾಪ್‌ಟಾಪ್‌ನದ್ದೇ ಆದ್ದರಿಂದ, "--ಫೋರ್ಸ್" ಕೊಟ್ಟರೆ ಅದು ಸುಮ್ಮನಾಗುತ್ತದೆ. ಸರ್ವರ್ ಕೂಡ ತಾನಾಗಿ ತಡೆಯುವುದಿಲ್ಲ. ಗೆಳೆಯನ ಕಮಿಟ್‌ಗಳು ಬ್ರಾಂಚ್‌ನಿಂದ ಮಾಯ. ಅದಕ್ಕೇ ಸರ್ವರ್‌ನಲ್ಲಿ "ರಿಸೀವ್.ಡಿನೈನಾನ್‌ಫಾಸ್ಟ್‌ಫಾರ್ವರ್ಡ್ಸ್" ಆನ್ ಇರಬೇಕು. ಶೇರ್ಡ್ ಅಂತ ರೆಪೊ ಮಾಡಿದ್ದರೆ ಗಿಟ್ ಇದನ್ನು ತಾನೇ ಆನ್ ಮಾಡಿರುತ್ತದೆ, ಆದರೂ ಒಮ್ಮೆ ನೋಡಿಕೊಳ್ಳಿ. ಜೊತೆಗೆ "ರಿಸೀವ್.ಡಿನೈಡಿಲೀಟ್ಸ್" ಕೂಡ ಆನ್ ಮಾಡಿ. ಇಲ್ಲದಿದ್ದರೆ ಬ್ರಾಂಚ್ ಅಳಿಸಿ ಮತ್ತೆ ಹಾಕಿ ಅದೇ ಕೆಲಸ ಸಾಧಿಸಬಹುದು.

ಲೆಕ್ಕ ಸರಿಯಿದ್ದರೆ ಲ್ಯಾಪ್‌ಟಾಪ್ ತನ್ನ ಬೇಡಿಕೆ ಕಳಿಸುತ್ತದೆ. ಒಂದು ಬ್ರಾಂಚ್‌ಗೆ ಒಂದು ಸಾಲು, ಸಾಲಿಗೆ ಮೂರು ವಿಷಯ: ಹಳೇ ಹ್ಯಾಶ್, ಹೊಸ ಹ್ಯಾಶ್, ಬ್ರಾಂಚ್‌ನ ಪೂರ್ತಿ ಹೆಸರು. ಹೊಸ ಬ್ರಾಂಚ್ ಆದರೆ ಹಳೇ ಹ್ಯಾಶ್ ಜಾಗದಲ್ಲಿ 40 ಸೊನ್ನೆ. ಬ್ರಾಂಚ್ ಅಳಿಸುವುದಾದರೆ ಹೊಸ ಹ್ಯಾಶ್ ಜಾಗದಲ್ಲಿ 40 ಸೊನ್ನೆ. ಈ ಸೊನ್ನೆಗಳನ್ನು ನೆನಪಿಟ್ಟುಕೊಳ್ಳಿ, ಸ್ಕ್ರಿಪ್ಟ್ ಬರೆಯುವಾಗ ಕಾಡುತ್ತವೆ.

ಆಮೇಲೆ ಕೋಡ್ ಬರುತ್ತದೆ, ಒಂದೇ ಪ್ಯಾಕ್ ಆಗಿ. ಒಳಗೆ ಎಷ್ಟು ಆಬ್ಜೆಕ್ಟ್ (ಫೈಲ್, ಫೋಲ್ಡರ್ ಪಟ್ಟಿ, ಕಮಿಟ್, ಹೀಗೆ ಗಿಟ್ ಇಡುವ ಒಂದೊಂದು ತುಣುಕು) ಇದೆ ಅನ್ನುವ ಸಂಖ್ಯೆ ಶುರುವಿನಲ್ಲೇ ಇರುತ್ತದೆ, ಕೊನೆಯಲ್ಲಿ 20 ಬೈಟ್‌ನ ಚೆಕ್‌ಸಮ್. ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಒಂದಿದೆ. ಪ್ಯಾಕ್ ಒಳಗಿನ ಆಬ್ಜೆಕ್ಟ್‌ಗಳಿಗೆ ಹೆಸರೇ ಇರುವುದಿಲ್ಲ. "ಈ ಫೈಲಿನ ಹ್ಯಾಶ್ ಇಂಥದ್ದು" ಅಂತ ಲ್ಯಾಪ್‌ಟಾಪ್ ಹೇಳಿ ಕಳಿಸುವುದಿಲ್ಲ. ಸರ್ವರ್ ಒಂದೊಂದು ಆಬ್ಜೆಕ್ಟ್ ಬಿಚ್ಚಿ, ತಾನೇ ಹ್ಯಾಶ್ ಲೆಕ್ಕ ಹಾಕಿ ಹೆಸರಿಡುತ್ತದೆ. ದಾರಿಯಲ್ಲಿ ಒಂದು ಬಿಟ್ ಕೆಟ್ಟಿದ್ದರೂ ಲೆಕ್ಕ ತಪ್ಪುತ್ತದೆ, ಸಿಕ್ಕಿಬೀಳುತ್ತದೆ.

ಆಬ್ಜೆಕ್ಟ್‌ಗಳು 100ಕ್ಕಿಂತ ಕಮ್ಮಿ ಇದ್ದರೆ ಬಿಡಿ ಬಿಡಿ ಫೈಲ್ ಮಾಡಿ ಇಡುತ್ತದೆ, ಜಾಸ್ತಿ ಇದ್ದರೆ ಪ್ಯಾಕ್ ಆಗಿಯೇ ಇಡುತ್ತದೆ. ಇಲ್ಲಿ ನೀವು ಹಾಕಬಹುದಾದ ಎರಡು ಬೀಗ ಇವೆ. "ರಿಸೀವ್.ಮ್ಯಾಕ್ಸ್‌ಇನ್‌ಪುಟ್‌ಸೈಜ್" ಇಟ್ಟರೆ ಅಷ್ಟು ಗಾತ್ರ ಮೀರಿದ ಪ್ಯಾಕ್ ನಡುವೆಯೇ ನಿಲ್ಲುತ್ತದೆ. "ರಿಸೀವ್.ಎಫ್‌ಎಸ್‌ಸಿಕೆ‌ಆಬ್ಜೆಕ್ಟ್ಸ್" ಆನ್ ಮಾಡಿದರೆ ಪ್ರತಿ ಆಬ್ಜೆಕ್ಟ್‌ನ ರಚನೆ ಸರಿಯಿದೆಯೇ ಅಂತ ನೋಡುತ್ತದೆ. ಎರಡನೆಯದು ಮೊದಲಿನಿಂದ ಆಫ್ ಇರುತ್ತದೆ. ಆನ್ ಮಾಡಿ, ಕಾಲೇಜಿನಂಥ ಜಾಗದಲ್ಲಿ ಅದರಿಂದ ಆಗುವ ತಡ ಗೊತ್ತೇ ಆಗುವುದಿಲ್ಲ.

ಕಾಯುವ ಕೋಣೆ

ಬಂದ ಆಬ್ಜೆಕ್ಟ್‌ಗಳು ನೇರವಾಗಿ ರೆಪೊಗೆ ಸೇರುವುದಿಲ್ಲ. ಮಂಡಿಗೆ ಬಂದ ಮೂಟೆಗಳನ್ನು ತೂಕ ಆಗುವವರೆಗೆ ಅಂಗಳದಲ್ಲೇ ಇಳಿಸಿಡುವ ಹಾಗೆ, ಗಿಟ್ ಕೂಡ ಅವನ್ನು "ಆಬ್ಜೆಕ್ಟ್ಸ್" ಫೋಲ್ಡರ್ ಒಳಗೆ ಒಂದು ತಾತ್ಕಾಲಿಕ ಫೋಲ್ಡರ್ ಮಾಡಿ ಅಲ್ಲಿಡುತ್ತದೆ. ಇದಕ್ಕೆ ಕ್ವಾರಂಟೈನ್ ಅಂತ ಹೆಸರು. 2016ರ ಕೊನೆಗೆ ಬಂದ ಗಿಟ್ 2.11ರಿಂದ ಈ ವ್ಯವಸ್ಥೆ ಇದೆ. ಅದಕ್ಕೂ ಮುಂಚೆ, ರಿಜೆಕ್ಟ್ ಆದ ಪುಶ್‌ನ ಕಸ ಕೂಡ ರೆಪೊದಲ್ಲೇ ಬಿದ್ದಿದ್ದು, ಗಿಟ್‌ನ ಸ್ವಚ್ಛತಾ ಕಮಾಂಡ್ ಜಿಸಿ ಬಂದು ಗುಡಿಸುವವರೆಗೆ ಡಿಸ್ಕ್ ತಿನ್ನುತ್ತಿತ್ತು.

ಇದನ್ನು ಕಣ್ಣಾರೆ ನೋಡಬಹುದು, ನೋಡಿ. ಹುಕ್ ಅಂದರೆ ನಾವು ಬರೆದಿಟ್ಟು, ಪುಶ್‌ನ ಒಂದೊಂದು ಹಂತದಲ್ಲಿ ಗಿಟ್ ತಾನಾಗಿ ಓಡಿಸುವ ಸ್ಕ್ರಿಪ್ಟ್. ಒಂದು ಪ್ರಯೋಗದ ರೆಪೊ ಮಾಡಿ. ಅದರ "ಹುಕ್ಸ್" ಫೋಲ್ಡರ್‌ನಲ್ಲಿ "ಪ್ರಿ-ರಿಸೀವ್" ಅನ್ನುವ ಹೆಸರಿನ ಸ್ಕ್ರಿಪ್ಟ್ ಇಟ್ಟು, ಅದರಲ್ಲಿ "ಸ್ಲೀಪ್ 60" ಅಂತ ಒಂದೇ ಸಾಲು ಬರೆಯಿರಿ. "ಸಿಎಚ್‌ಮಾಡ್ +ಎಕ್ಸ್" ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಗಿಟ್ ಆ ಸ್ಕ್ರಿಪ್ಟ್ ಓಡಿಸುವುದಿಲ್ಲ. ಈಗ ಲ್ಯಾಪ್‌ಟಾಪ್‌ನಿಂದ ಪುಶ್ ಮಾಡಿ. ಅದು ಕಾಯುತ್ತಾ ನಿಂತಿರುವಾಗ, ಸರ್ವರ್‌ನಲ್ಲಿ ಇನ್ನೊಂದು ಟರ್ಮಿನಲ್ ತೆರೆದು "ಆಬ್ಜೆಕ್ಟ್ಸ್" ಫೋಲ್ಡರ್ ನೋಡಿ. "ಇನ್‌ಕಮಿಂಗ್" ಅಂತ ಹೆಸರಿನಲ್ಲಿರುವ ಹೊಸ ಫೋಲ್ಡರ್ ಕಾಣುತ್ತದೆ. ಒಳಗೆ ನಿಮ್ಮ ಕಮಿಟ್ ಇರುತ್ತದೆ. ಅದೇ ಹೊತ್ತಿಗೆ ಬೇರೆಯವರು ಆ ರೆಪೊದಿಂದ ಪುಲ್ ಮಾಡಿದರೆ ಅದು ಸಿಗುವುದಿಲ್ಲ. 60 ಸೆಕೆಂಡ್ ಮುಗಿಯುತ್ತಿದ್ದಂತೆ ಫೋಲ್ಡರ್ ಮಾಯವಾಗುತ್ತದೆ, ಆಬ್ಜೆಕ್ಟ್‌ಗಳು ಒಳಗೆ ಸೇರುತ್ತವೆ. ಸ್ಕ್ರಿಪ್ಟ್ ಕೊನೆಗೆ "ಎಕ್ಸಿಟ್ 1" (ಅಂದರೆ "ಬೇಡ") ಸೇರಿಸಿ, ಹೊಸ ಕಮಿಟ್ ಒಂದನ್ನು ಇಟ್ಟುಕೊಂಡು ಮತ್ತೊಮ್ಮೆ ಮಾಡಿ: ಫೋಲ್ಡರ್ ಹೋಗುತ್ತದೆ, ಜೊತೆಗೆ ಕೋಡ್ ಕೂಡ. ಪುಸ್ತಕದಲ್ಲಿ ಎಷ್ಟು ಓದಿದರೂ ಇದನ್ನು ಒಮ್ಮೆ ನೋಡಿದವರಿಗೆ ಆಗುವ ತಿಳಿವಳಿಕೆ ಆಗುವುದಿಲ್ಲ.

ಪ್ರಿ-ರಿಸೀವ್ ಓಡುವ ಮುಂಚೆ ಸರ್ವರ್ ಇನ್ನೊಂದು ಪರೀಕ್ಷೆ ಮುಗಿಸಿರುತ್ತದೆ. ಹೊಸ ಕಮಿಟ್‌ನಿಂದ ಹಿಂದಕ್ಕೆ ನಡೆಯುತ್ತಾ ಹೋದರೆ ಬೇಕಾದ ಆಬ್ಜೆಕ್ಟ್‌ಗಳೆಲ್ಲ ಸಿಗುತ್ತವೆಯೇ, ನಡುವೆ ಎಲ್ಲಾದರೂ ತುಂಡಾಗಿದೆಯೇ ಅಂತ ನೋಡುತ್ತದೆ. ತುಂಡಾಗಿದ್ದರೆ ಆ ಬ್ರಾಂಚ್ ಅಲ್ಲಿಗೇ ನಿಲ್ಲುತ್ತದೆ.

ತಡೆಯುವ ಸ್ಕ್ರಿಪ್ಟ್ ಎಲ್ಲಿಡಬೇಕು

ತಡೆಯಲು ಎರಡು ಹುಕ್ ಇವೆ: "ಪ್ರಿ-ರಿಸೀವ್" ಮತ್ತು "ಅಪ್‌ಡೇಟ್". ಪ್ರಿ-ರಿಸೀವ್ ಇಡೀ ಪುಶ್‌ಗೆ ಒಂದೇ ಸಲ ಓಡುತ್ತದೆ. ಆ ಮೂರು ಮೂರು ವಿಷಯದ ಸಾಲುಗಳು ಅದಕ್ಕೆ ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ ಬರುತ್ತವೆ. ಅದು ಸೊನ್ನೆ ಬಿಟ್ಟು ಬೇರೆ ಏನು ಕೊಟ್ಟು ಮುಗಿದರೂ ಇಡೀ ಪುಶ್ ರದ್ದು. ಅಪ್‌ಡೇಟ್ ಒಂದೊಂದು ಬ್ರಾಂಚ್‌ಗೂ ಬೇರೆ ಬೇರೆಯಾಗಿ ಓಡುತ್ತದೆ, ಆ ಬ್ರಾಂಚ್ ಒಂದನ್ನೇ ತಡೆಯುತ್ತದೆ.

ಬಹಳ ಜನ ಈ ಎರಡರಲ್ಲಿ ಯಾವುದಾದರೂ ಆಗುತ್ತೆ ಅಂದುಕೊಳ್ಳುತ್ತಾರೆ. ಆಗಲ್ಲ. ಕ್ವಾರಂಟೈನ್ ಫೋಲ್ಡರ್ ಖಾಲಿಯಾಗಿ ಆಬ್ಜೆಕ್ಟ್‌ಗಳು ರೆಪೊ ಸೇರುವುದು ಪ್ರಿ-ರಿಸೀವ್ ಮುಗಿದ ಕೂಡಲೇ, ಅಪ್‌ಡೇಟ್ ಶುರುವಾಗುವ ಮುಂಚೆ. 300 ಎಂಬಿಯ ಜಿಪ್ ಫೈಲನ್ನು ಅಪ್‌ಡೇಟ್ ಹುಕ್‌ನಲ್ಲಿ ತಡೆದರೆ ಬ್ರಾಂಚ್ ಏನೋ ಬದಲಾಗುವುದಿಲ್ಲ, ಆದರೆ ಆ 300 ಎಂಬಿ ಡಿಸ್ಕ್‌ನಲ್ಲಿ ಬಂದು ಕೂತಿರುತ್ತದೆ. ಒಳಗೆ ಏನು ಬಂತು ಅನ್ನುವ ಪರೀಕ್ಷೆ ಪ್ರಿ-ರಿಸೀವ್‌ನಲ್ಲಿರಲಿ: ಫೈಲ್ ಗಾತ್ರ, ಪಾಸ್‌ವರ್ಡ್ ಇರುವ ಫೈಲ್, ಇಂಥವು. ಯಾರು ಯಾವ ಬ್ರಾಂಚ್ ಮುಟ್ಟಬಹುದು ಅನ್ನುವ ನಿಯಮ ಅಪ್‌ಡೇಟ್‌ನಲ್ಲಿರಲಿ.

ಗಾತ್ರ ನೋಡುವ ಸ್ಕ್ರಿಪ್ಟ್ ಹೀಗೆ ಮಾಡಿ. ಸಾಲು ಸಾಲಾಗಿ ಓದಿ. ಹೊಸ ಹ್ಯಾಶ್ ಎಲ್ಲ ಸೊನ್ನೆ ಇದ್ದರೆ ಅದು ಅಳಿಸುವ ಬೇಡಿಕೆ, ನೋಡಲು ಏನೂ ಇಲ್ಲ, ಮುಂದಿನ ಸಾಲಿಗೆ ಹೋಗಿ. ಇಲ್ಲದಿದ್ದರೆ "ಗಿಟ್ ರೆವ್-ಲಿಸ್ಟ್ --ಆಬ್ಜೆಕ್ಟ್ಸ್", ಆಮೇಲೆ ಹೊಸ ಹ್ಯಾಶ್, ಆಮೇಲೆ "--ನಾಟ್ --ಆಲ್". ಈಗಿರುವ ಯಾವ ಬ್ರಾಂಚ್‌ನಲ್ಲೂ ಇಲ್ಲದ ಆಬ್ಜೆಕ್ಟ್‌ಗಳನ್ನು ಮಾತ್ರ ಕೊಡು ಅಂತ ಇದರ ಅರ್ಥ. ಹೆಸರುಗಳು ಇನ್ನೂ ತಿರುಗಿಲ್ಲ ಅಲ್ವಾ, ಆದ್ದರಿಂದ ಉತ್ತರ ಸರಿಯಾಗಿ ಬರುತ್ತದೆ. ಹಳೇ ಹ್ಯಾಶ್‌ನಿಂದ ಹೊಸ ಹ್ಯಾಶ್‌ವರೆಗೆ ಅಂತ ಕೇಳಿದರೆ ಹೊಸ ಬ್ರಾಂಚ್ ಬಂದಾಗ ಎಡಗಡೆ 40 ಸೊನ್ನೆ ಇದ್ದು ಸ್ಕ್ರಿಪ್ಟ್ ಮುರಿಯುತ್ತದೆ. ಸಿಕ್ಕ ಪಟ್ಟಿಯನ್ನು ಪೈಪ್ ಮೂಲಕ "ಗಿಟ್ ಕ್ಯಾಟ್-ಫೈಲ್ --ಬ್ಯಾಚ್-ಚೆಕ್"ಗೆ ಕೊಟ್ಟು, ವಿಧ, ಗಾತ್ರ, ಉಳಿದ ಭಾಗದಲ್ಲಿ ಹೆಸರು, ಈ ಮೂರನ್ನು ಕೇಳಿ. ವಿಧ "ಬ್ಲಾಬ್" (ಒಂದು ಫೈಲಿನ ಒಳಗಿನದ್ದು) ಇದ್ದು ಗಾತ್ರ 10485760 ಬೈಟ್, ಅಂದರೆ 10 ಎಂಬಿ ಮೀರಿದ್ದರೆ, ಸಂದೇಶ ಕೊಟ್ಟು "ಎಕ್ಸಿಟ್ 1".

ಹೀಗೆ ಆಬ್ಜೆಕ್ಟ್ ಲೆಕ್ಕದಲ್ಲಿ ನೋಡುವುದಕ್ಕೆ ಕಾರಣ ಇದೆ. ಕನ್ನಡ ಕೈಬರಹ ಗುರುತಿಸುವ ಪ್ರಾಜೆಕ್ಟ್ ಮಾಡುವ ತಂಡ ಪ್ರತಿ ಬ್ಯಾಚ್‌ನಲ್ಲೂ ಇರುತ್ತದೆ. ಚಿತ್ರಗಳ ದೊಡ್ಡ ಜಿಪ್ ಫೈಲ್ ಕಮಿಟ್ ಒಳಗೆ ಹೋಗಿಬಿಡುತ್ತದೆ. ಪುಶ್ ನಿಂತಾಗ ಅವರು ಆ ಫೈಲ್ ಡಿಲೀಟ್ ಮಾಡಿ, ಇನ್ನೊಂದು ಕಮಿಟ್ ಮಾಡಿ, ಮತ್ತೆ ಪುಶ್ ಕೊಡುತ್ತಾರೆ. ಈಗಿನ ಫೋಲ್ಡರ್‌ನಲ್ಲಿ ಫೈಲ್ ಇಲ್ಲ. ಮೊದಲ ಕಮಿಟ್ ಒಳಗೆ ಇದೆ. ಮೊದಲ ಸ್ಥಿತಿ, ಕೊನೇ ಸ್ಥಿತಿ ಎರಡನ್ನೇ ಹೋಲಿಸುವ ಸ್ಕ್ರಿಪ್ಟ್ ಆದರೆ ಮೋಸ ಹೋಗುತ್ತದೆ. ಆಬ್ಜೆಕ್ಟ್ ಎಣಿಸುವ ಸ್ಕ್ರಿಪ್ಟ್ ಮತ್ತೆ ಹಿಡಿಯುತ್ತದೆ. ಆಗ ಆ ತಂಡಕ್ಕೆ ಹೇಳಬೇಕಾದ್ದು: "ಗಿಟ್ ರಿಸೆಟ್ --ಸಾಫ್ಟ್" ಕೊಟ್ಟು ಸರ್ವರ್‌ನಲ್ಲಿರುವ ಕಮಿಟ್‌ವರೆಗೆ ಹಿಂದಕ್ಕೆ ಬನ್ನಿ, ಜಿಪ್ ಫೈಲನ್ನು ಸ್ಟೇಜ್‌ನಿಂದ, ಅಂದರೆ ಮುಂದಿನ ಕಮಿಟ್‌ಗೆ ಆರಿಸಿಟ್ಟ ಪಟ್ಟಿಯಿಂದ ತೆಗೆಯಿರಿ, ಗಿಟ್ ಗಮನಿಸಬಾರದ ಫೈಲ್‌ಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಅದರ ಹೆಸರು ಸೇರಿಸಿ, ಹೊಸದಾಗಿ ಕಮಿಟ್ ಮಾಡಿ. ಗಿಟ್‌ಹಬ್‌ನಲ್ಲಿ 100 ಎಂಬಿ ಮೀರಿದ ಫೈಲ್ ತಳ್ಳಲು ಹೋದರೂ ಇದೇ ಕಥೆ, ಇದೇ ಪರಿಹಾರ.

ಸಂದೇಶದ ಬಗ್ಗೆ ಎರಡು ಮಾತು. ಹುಕ್ ಏನು ಪ್ರಿಂಟ್ ಮಾಡಿದರೂ ಅದು ಪುಶ್ ಮಾಡಿದವರ ಪರದೆಯಲ್ಲಿ "ರಿಮೋಟ್:" ಅಂತ ಮುಂದೆ ಸೇರಿ ಕಾಣುತ್ತದೆ. ಯುಟಿಎಫ್-8 ಆದ್ದರಿಂದ ಕನ್ನಡದಲ್ಲೇ ಬರೆಯಬಹುದು. ನಾನು ಬರೆಯುವುದು ಕನ್ನಡದಲ್ಲೇ: "ಡೇಟಾ.ಜಿಪ್ 10 ಎಂಬಿ ಮೀರಿದೆ. ಡಿಲೀಟ್ ಮಾಡಿ ಕಮಿಟ್ ಮಾಡಿದರೆ ಸಾಲದು, ಹಳೇ ಕಮಿಟ್‌ನಿಂದಲೂ ತೆಗೆಯಬೇಕು." ಸುಮ್ನೆ "ಎರರ್" ಅಂತ ಬಂದರೆ ಮಕ್ಕಳು ಹೆದರುತ್ತಾರೆ. ಏನು ಮಾಡಬೇಕು ಅಂತ ಬಂದರೆ ತಾವೇ ಸರಿ ಮಾಡಿಕೊಳ್ಳುತ್ತಾರೆ.

ಕನ್ನಡದಲ್ಲಿ ಹೆಸರಿರುವ ಫೈಲ್‌ಗಳಿದ್ದರೆ ಇನ್ನೊಂದು ಎಚ್ಚರಿಕೆ. ಹೆಸರು ನೋಡಲು "ಡಿಫ್-ಟ್ರೀ" ಅಥವಾ "ಎಲ್‌ಎಸ್-ಟ್ರೀ" ಬಳಸಿದರೆ, "ಅ" ಅನ್ನುವ ಅಕ್ಷರ \340\262\205 ಅಂತ ಬರುತ್ತದೆ, ಸುತ್ತ ಉದ್ಧರಣ ಚಿಹ್ನೆ ಬೇರೆ. ಆಗ ಹೆಸರು ಹೋಲಿಸುವ ಸಾಲುಗಳು ಕೆಲಸ ಮಾಡುವುದಿಲ್ಲ. "-ಝಡ್" ಆಯ್ಕೆ ಕೊಡಿ, ಅಥವಾ "ಕೋರ್.ಕೋಟ್‌ಪಾತ್" ಆಫ್ ಮಾಡಿ.

ಅಪ್‌ಡೇಟ್ ಹುಕ್ ಚಿಕ್ಕದು. ಅದಕ್ಕೆ ಬ್ರಾಂಚ್ ಹೆಸರು, ಹಳೇ ಹ್ಯಾಶ್, ಹೊಸ ಹ್ಯಾಶ್ ಮೂರೂ ಆರ್ಗ್ಯುಮೆಂಟ್ ಆಗಿ ಸಿಗುತ್ತವೆ. ಲಾಗಿನ್ ಹೆಸರು "ಯೂಸರ್" ವೇರಿಯಬಲ್‌ನಲ್ಲಿರುತ್ತದೆ. ಬ್ರಾಂಚ್ "ಮೇನ್" ಆಗಿದ್ದು ಬಂದವರು ಗೈಡ್ ಅಲ್ಲದಿದ್ದರೆ ತಡೆಯಿರಿ. ಅಷ್ಟೇ.

ಹೆಸರು ತಿರುಗುವ ಕ್ಷಣ

ಈಗ ಸರ್ವರ್ ಬ್ರಾಂಚ್ ಹೆಸರಿಗೆ ಬೀಗ ಹಾಕುತ್ತದೆ, ಅಂದರೆ ಆ ಹೆಸರಿನ ಕೊನೆಗೆ ".ಲಾಕ್" ಸೇರಿದ ಒಂದು ಫೈಲ್ ಮಾಡುತ್ತದೆ. ಬ್ರಾಂಚ್ ಈಗ ನಿಂತಿರುವ ಹ್ಯಾಶ್, ಬೇಡಿಕೆಯಲ್ಲಿ ಬಂದ ಹಳೇ ಹ್ಯಾಶ್, ಎರಡೂ ಒಂದೇನಾ ಅಂತ ನೋಡುತ್ತದೆ. ಒಂದೇ ಇದ್ದರೆ ಹೊಸದನ್ನು ಬರೆಯುತ್ತದೆ. ಡೆಮೊ ಹಿಂದಿನ ರಾತ್ರಿ ಒಂದೇ ತಂಡದ ಇಬ್ಬರು ಒಂದೇ ಹೊತ್ತಿಗೆ ಪುಶ್ ಕೊಡುತ್ತಾರೆ. ಇಬ್ಬರಿಗೂ ಶುರುವಿನಲ್ಲಿ ಸಿಕ್ಕಿದ್ದು ಒಂದೇ ಪಟ್ಟಿ, ಇಬ್ಬರ ಲ್ಯಾಪ್‌ಟಾಪೂ ಸರಿ ಅಂದಿದೆ. ಮೊದಲು ಬೀಗ ಹಿಡಿದವರದ್ದು ಒಳಗೆ ಹೋಗುತ್ತದೆ. ಎರಡನೆಯವರ ಹಳೇ ಹ್ಯಾಶ್ ಈಗ ಹೊಂದುವುದಿಲ್ಲ, ಸರ್ವರ್ ನಿಲ್ಲಿಸುತ್ತದೆ. ಯಾರ ಕೆಲಸವೂ ಕಳೆದುಹೋಗುವುದಿಲ್ಲ. ಎರಡನೆಯವರು ಪುಲ್ ಮಾಡಿ ಮತ್ತೆ ಪುಶ್ ಕೊಟ್ಟರೆ ಆಯಿತು.

ಒಂದೇ ಪುಶ್‌ನಲ್ಲಿ ಮೂರು ಬ್ರಾಂಚ್ ಇದ್ದರೆ ಒಂದು ನಿಂತು ಎರಡು ಹೋಗುವುದು ಸಾಧ್ಯ. ಹೋದರೆ ಎಲ್ಲ ಹೋಗಲಿ, ಇಲ್ಲದಿದ್ದರೆ ಯಾವುದೂ ಬೇಡ ಅಂದರೆ ಪುಶ್ ಜೊತೆ "--ಅಟಾಮಿಕ್" ಕೊಡಿ.

ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು, ಸರಿಯಾಗಿ ಈ ಕ್ಷಣದಲ್ಲಿ ಮೆಷಿನ್ ಆಫ್ ಆದರೆ ಆ ಲಾಕ್ ಫೈಲ್ ಹಾಗೇ ಉಳಿಯಬಹುದು. ಆಮೇಲೆ ಆ ಬ್ರಾಂಚ್‌ಗೆ ಯಾರ ಪುಶ್ಶೂ ಹೋಗುವುದಿಲ್ಲ, ಬೀಗ ಹಾಕಲಾಗುತ್ತಿಲ್ಲ ಅಂತ ಬರುತ್ತದೆ. ಯಾವ ಗಿಟ್ ಪ್ರೋಗ್ರಾಮೂ ಓಡುತ್ತಿಲ್ಲ ಅಂತ ಖಚಿತ ಮಾಡಿಕೊಂಡು, ಆ ಒಂದು ಫೈಲ್ ಮಾತ್ರ ತೆಗೆಯಿರಿ. ಆಮೇಲೆ ರೆಪೊದಲ್ಲಿ ಏನಾದರೂ ಕೆಟ್ಟಿದೆಯೇ ಅಂತ "ಗಿಟ್ ಎಫ್‌ಎಸ್‌ಸಿಕೆ" ಓಡಿಸಿ ನೋಡಿ.

ಇನ್ನೊಂದು ಸೆಟ್ಟಿಂಗ್ ಇಲ್ಲೇ ಹೇಳಿಬಿಡುತ್ತೇನೆ. ಬೇರ್ ರೆಪೊಗಳಲ್ಲಿ ರೆಫ್‌ಲಾಗ್ ಮೊದಲಿನಿಂದ ಆಫ್. "ಕೋರ್.ಲಾಗ್‌ಆಲ್‌ರೆಫ್‌ಅಪ್‌ಡೇಟ್ಸ್" ಆನ್ ಮಾಡಿದರೆ ಬ್ರಾಂಚ್ ಯಾವಾಗ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಸರ್ವರ್ ಬರೆದಿಡುತ್ತದೆ. ಯಾವುದೋ ಬ್ರಾಂಚ್ ತಪ್ಪು ಜಾಗಕ್ಕೆ ಹೋದ ದಿನ ಇದರ ಬೆಲೆ ತಿಳಿಯುತ್ತದೆ.

ಆದ ಮೇಲಿನ ಕೆಲಸ

ಹೆಸರು ತಿರುಗಿದ ಮೇಲೆ "ಪೋಸ್ಟ್-ರಿಸೀವ್" ಓಡುತ್ತದೆ. ಇದಕ್ಕೂ ಅದೇ ಸಾಲುಗಳು ಸಿಗುತ್ತವೆ, ಆದರೆ ಇದು ಏನನ್ನೂ ತಡೆಯಲಾರದು. ಗೈಡ್‌ಗೆ ಮೇಲ್ ಕಳಿಸುವುದು, ಟೆಸ್ಟ್ ಓಡಿಸುವುದು, ಪ್ರಾಜೆಕ್ಟ್ ವೆಬ್ ಪುಟವನ್ನು ಹೊಸದು ಮಾಡುವುದು ಇಲ್ಲಿ. ಪುಟಕ್ಕಾದರೆ, ಬ್ರಾಂಚ್ "ಮೇನ್" ಆಗಿದ್ದಾಗ ಮಾತ್ರ "ಗಿಟ್ --ವರ್ಕ್-ಟ್ರೀ=" ಮುಂದೆ ಪುಟದ ಫೋಲ್ಡರ್, ಆಮೇಲೆ "ಚೆಕ್‌ಔಟ್ -ಎಫ್ ಮೇನ್". ಸ್ಕ್ರಿಪ್ಟ್ ಬೇರೆ ರೆಪೊ ಫೋಲ್ಡರ್‌ಗೆ ಹೋಗಿ ಪುಲ್ ಮಾಡಬೇಕಾದರೆ ಮೊದಲು "ಅನ್‌ಸೆಟ್ ಗಿಟ್_ಡಿರ್" ಬರೆಯಿರಿ. ಹುಕ್ ಓಡುವಾಗ ಗಿಟ್ ಆ ವೇರಿಯಬಲ್ ಇಟ್ಟಿರುತ್ತದೆ, ನೀವು ಎಲ್ಲಿಗೆ ಹೋದರೂ ಅದು ತೋರಿಸಿದ ಜಾಗವನ್ನೇ ಗಿಟ್ ರೆಪೊ ಅಂದುಕೊಳ್ಳುತ್ತದೆ. ಕೈಯಲ್ಲಿ ಓಡಿಸಿದಾಗ ಸರಿ, ಪುಶ್‌ನಲ್ಲಿ ತಪ್ಪು ಅನ್ನುವ ಸ್ಕ್ರಿಪ್ಟ್‌ಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ಪೋಸ್ಟ್-ರಿಸೀವ್ ಮುಗಿಯುವವರೆಗೆ ಲ್ಯಾಪ್‌ಟಾಪ್ ಕಾಯುತ್ತಿರುತ್ತದೆ. ಐದು ನಿಮಿಷದ ಟೆಸ್ಟ್ ಇದ್ದರೆ ಅದನ್ನು ಬ್ಯಾಕ್‌ಗ್ರೌಂಡ್‌ಗೆ ಕಳಿಸಿ, ಅದರ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಒಂದು ಲಾಗ್ ಫೈಲ್‌ಗೆ ತಿರುಗಿಸಿ. ತಿರುಗಿಸದೆ ಬರೀ ಆಂಪರ್‌ಸ್ಯಾಂಡ್ ಹಾಕಿದರೆ ಪುಶ್ ನಿಂತೇ ಇರುತ್ತದೆ.

ಕೊನೆಯದು: ಹುಕ್‌ಗಳು ಕ್ಲೋನ್ (ಗಿಟ್ ಮಾಡಿಕೊಡುವ ರೆಪೊದ ನಕಲು) ಜೊತೆ ಬರುವುದಿಲ್ಲ. ರೆಪೊ ಬ್ಯಾಕಪ್ ಅಂತ ಕ್ಲೋನ್ ಮಾಡಿಟ್ಟರೆ ಸ್ಕ್ರಿಪ್ಟ್‌ಗಳು ಅದರಲ್ಲಿ ಇರುವುದಿಲ್ಲ. ಸ್ಕ್ರಿಪ್ಟ್‌ಗಳಿಗೇ ಬೇರೆ ರೆಪೊ ಮಾಡಿ. ಸರ್ವರ್‌ನಲ್ಲಿ ಅವನ್ನು ರೂಟ್ ಹೆಸರಿನ ಒಂದು ಫೋಲ್ಡರ್‌ನಲ್ಲಿಟ್ಟು, ಸಿಸ್ಟಂ ಕಾನ್ಫಿಗ್‌ನಲ್ಲಿ "ಕೋರ್.ಹುಕ್ಸ್‌ಪಾತ್" ಆ ಫೋಲ್ಡರ್ ಕಡೆ ತೋರಿಸಿ. ಆಗ ಎಲ್ಲ ರೆಪೊಗೂ ಒಂದೇ ನಿಯಮ, ಹೊಸ ತಂಡಕ್ಕೆ ರೆಪೊ ಮಾಡಿಕೊಟ್ಟಾಗ ಹುಕ್ ಹಾಕಲು ಮರೆಯುವ ಮಾತೇ ಇಲ್ಲ.